ದೂರು ಕೊಟ್ಟವಳ ವಿಳಾಸ

ಪತ್ರಲೇಖನದ ಪಾಠದಲ್ಲಿ ನಾವು ಮಕ್ಕಳಿಗೆ ಮೊಟ್ಟಮೊದಲು ಬರೆಸುವ ಪದ 'ಇಂದ'. ಅದರ ಕೆಳಗೆ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ. ಆಮೇಲೆ 'ಗೆ'. ಆಮೇಲೆ ಮಾನ್ಯರೇ, ವಿಷಯ. ವರ್ಷವರ್ಷವೂ ಇದನ್ನೇ ಬರೆಸುತ್ತಾ ಬಂದಿದ್ದೇನೆ. ಈವರೆಗೆ ಯಾವ ಮಗುವೂ "ಮಿಸ್, 'ಇಂದ' ಯಾಕೆ ಬರೀಬೇಕು?" ಎಂದು ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಬೀದಿ ದೀಪ ಕೆಟ್ಟಿದೆ ಎಂದು ಪಂಚಾಯಿತಿಗೆ ಬರೆದರೆ, ಸರಿ ಮಾಡಿಸಿದ್ದೇವೆ ಎಂದೋ ಆಗುವುದಿಲ್ಲ ಎಂದೋ ಒಂದು ಮರುಮಾತು ಬರಬೇಕಲ್ಲ, ಅದಕ್ಕೆ. ಪಂಚಾಯಿತಿಯವರ ನೆಂಟರ ಸೀರೆ ಅಂಗಡಿಯ ಕರಪತ್ರ ನಮ್ಮ ಮನೆಗೆ ದಿನಾ ಬಂದು ಬೀಳಲಿ ಎಂದು ಯಾರೂ 'ಇಂದ' ಬರೆಯುವುದಿಲ್ಲ.

ಇಷ್ಟು ಸರಳವಾದ ನ್ಯಾಯ ಕಂಪ್ಯೂಟರು, ಮೊಬೈಲುಗಳ ಲೋಕದಲ್ಲಿ ತಲೆಕೆಳಗಾಗಿದೆ ಎಂಬುದೇ ನನ್ನ ತಕರಾರು. ಅವರ ತಂತ್ರಾಂಶದಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು ಅನ್ನಿ. ಅಡುಗೆ, ಸ್ಕೂಲು, ಮನೆವಾರ್ತೆಗಳ ನಡುವೆ ಹೊತ್ತು ಮಾಡಿಕೊಂಡು, ಕನ್ನಡಕ ಹುಡುಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ನಾವು ಅವರಿಗೆ ತಿಳಿಸುತ್ತೇವೆ. ಕೂಲಿಯಿಲ್ಲ, ಸಂಬಳವಿಲ್ಲ. ಅವರ ಸಾಮಾನು ಕೆಟ್ಟಿದೆ ಎಂದು ಅವರಿಗೆ ಹೇಳುವ ಉಪಕಾರ. ಆ ಉಪಕಾರಕ್ಕೆ ಪ್ರತಿಯಾಗಿ ನಮ್ಮ ಇಮೇಲು, ನಮ್ಮ ಮೊಬೈಲ್ ನಂಬರು ಅವರ ಗಿರಾಕಿಗಳ ಪಟ್ಟಿಗೆ ಸೇರಿಹೋಗುತ್ತದೆ. ನಮ್ಮನ್ನು ಕೇಳಿದರೇ? ಇಲ್ಲ. ಕೇಳಿದಂತೆ ಮಾಡಿದರು, ಅಷ್ಟೇ.

ನನಗೇ ಆದದ್ದು ಹೇಳುತ್ತೇನೆ. ಮಕ್ಕಳ ಹಾಜರಿ, ಅಂಕಪಟ್ಟಿ ಬರೆಯುವ ಒಂದು ಆ್ಯಪು ನಮ್ಮಲ್ಲಿ ಬಳಕೆಯಲ್ಲಿತ್ತು. ಖಾಸಗಿ ಕಂಪೆನಿಯದು, ಹೆಸರು ಬೇಡ. ನಮ್ಮ ಸೀಮೆಯಲ್ಲಿ ಅಣ್ಣಾವ್ರ ಹೆಸರು ಇಟ್ಟುಕೊಂಡ ಹುಡುಗ ಒಬ್ಬನಾದರೂ ಇಲ್ಲದ ತರಗತಿ ಉಂಟೇ? 'ರಾಜ್‌ಕುಮಾರ್' ಎಂದು ನಾನು ಬರೆದರೆ ಅದು 'ರಾಜ್ಕುಮಾರ್' ಎಂದು ಮಾಡಿ, ಜ ಅಕ್ಷರದ ಕೆಳಗೆ ಕ ಒತ್ತು ಕೊಟ್ಟು ಅಚ್ಚು ಹಾಕುತ್ತಿತ್ತು. 'ರ‍್ಯಾಂಕ್' ಎಂದು ಬರೆದರೆ 'ರ್ಯಾಂಕ್' ಎಂದು ಅರ್ಕಾವತ್ತು. ಪದದ ಮೊದಲಲ್ಲೇ ಅರ್ಕಾವತ್ತು ಬಂದರೆ ಮಗು ಓದುವುದು ಹೇಗೆ? ಇದರ ಗುಟ್ಟು ಸಣ್ಣದು. ಕನ್ನಡ ಬೆರಳಚ್ಚಿನಲ್ಲಿ ಕಣ್ಣಿಗೆ ಕಾಣದ ಎರಡು ಗುರುತುಗಳಿವೆ. ಒಂದು ಅಕ್ಷರಗಳು ಕೂಡಿ ಒತ್ತಾಗದಂತೆ ಬಿಡಿಸಿ ನಿಲ್ಲಿಸುವುದು, ಇನ್ನೊಂದು ರಕಾರವನ್ನು ರಕಾರವಾಗಿಯೇ ಉಳಿಸಿ ಮುಂದಿನ ಅಕ್ಷರವನ್ನು ಒತ್ತು ಮಾಡುವುದು. ಆ ಆ್ಯಪು ಇವೆರಡನ್ನೂ ಬೇಡದ ಕಸವೆಂದು ತಿಳಿದು ನುಂಗಿಹಾಕುತ್ತಿತ್ತು. ಇಂಗ್ಲಿಷಿಗೆ ಅವು ಬೇಡ, ಕನ್ನಡಕ್ಕೆ ಬೇಕು. ಕನ್ನಡ ಓದುವವರು ಹೇಳದೆ ಅದನ್ನು ಮಾಡಿದವರಿಗೆ ಗೊತ್ತಾಗುವ ಸಂಭವವೇ ಇಲ್ಲ.

ದೂರಿನ ನಮೂನೆಯಲ್ಲಿ ಹೆಸರು, ಇಮೇಲು, ಮೊಬೈಲು, ಜಿಲ್ಲೆ, ಜನ್ಮದಿನಾಂಕ ಎಲ್ಲವನ್ನೂ ಕೇಳಿದರು. ಒತ್ತಕ್ಷರ ಸರಿಮಾಡಲು ನನ್ನ ಜನ್ಮದಿನಾಂಕ ಯಾಕೆ ಬೇಕೋ ಆ ರಂಗನಾಥನೇ ಬಲ್ಲ. ಎಲ್ಲಕ್ಕೂ ಕೆಳಗೆ, ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು. ಅದರ ಪಕ್ಕದ ಚೌಕದಲ್ಲಿ ಮೊದಲೇ ಹಾಕಿಟ್ಟ ಸರಿ ಗುರುತು. ಅದನ್ನು ತೆಗೆದರೆ ದೂರು ಮುಂದಕ್ಕೆ ಹೋಗುವುದಿಲ್ಲ. ಮಾರನೆಯ ದಿನದಿಂದ ಶುರುವಾಯಿತು: ಮಕ್ಕಳಿಗೆ ಕೋಡಿಂಗ್ ಕಲಿಸಿ, ಶಿಕ್ಷಕರಿಗೆ ವಿಶೇಷ ಸಾಲ, ಈ ವಾರದ ಕೊಡುಗೆ, ಇನ್ನು ನಾಲ್ಕೇ ಗಂಟೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಕರೆಗಳು. ಅಡುಗೆಯಾಕೆ ಒಂದು ದಿನ, "ಅದ್ಯಾಕ್ ಮಿಸ್ಸೇ ನಿಮ್ ಫೋನು ಒಂದೇ ಸಮ್ನೆ ಅಂಗ್ ಬಡ್ಕತದೆ?" ಎಂದಳು. ನಡುವೆ ದೂರಿಗೂ ಒಂದು ಉತ್ತರ ಬಂತು. ದೂರು ಮುಕ್ತಾಯಗೊಂಡಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಅಂಕಪಟ್ಟಿಯಲ್ಲಿ ನೋಡಿದರೆ ಜ ಕೆಳಗೆ ಕ ಒತ್ತು ಹಾಗೆಯೇ ತೂಗಾಡುತ್ತಿತ್ತು. ಉತ್ತರ ಬರೆಯೋಣವೆಂದರೆ ಆ ವಿಳಾಸಕ್ಕೆ ಉತ್ತರ ಬರೆಯುವಂತಿಲ್ಲವಂತೆ! ಕಳಿಸಿದವರ ಹೆಸರೇ 'ನೋ ರಿಪ್ಲೈ'. ಇನ್‌ಲ್ಯಾಂಡ್ ಪತ್ರದ ಹಿಂಭಾಗದಲ್ಲಿ ಕಳಿಸಿದವರ ವಿಳಾಸಕ್ಕೆ ಜಾಗ ಬಿಟ್ಟಿದ್ದ ಕಾಲದಲ್ಲಿ ಬೆಳೆದವರು ನಾವು. ನಮಗೆ ಬರೆಯುವ ಹಕ್ಕು ಅವರಿಗುಂಟು, ಅವರಿಗೆ ಬರೆಯುವ ಹಕ್ಕು ನಮಗಿಲ್ಲ ಎಂಬ ಪತ್ರವ್ಯವಹಾರವನ್ನು ನಾನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು.

ತಂತ್ರಾಂಶದ ತಪ್ಪಿಗೆ ಅವರ ಭಾಷೆಯಲ್ಲಿ 'ಬಗ್' ಎನ್ನುತ್ತಾರೆ, ಹುಳ. ಆ ಪದ ಯಂತ್ರದವರ ಬಾಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರದೊಳಗೆ ನಿಜವಾದ ಒಂದು ಪತಂಗವೇ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ದಿನಚರಿ ಪುಸ್ತಕಕ್ಕೆ ಟೇಪಿನಲ್ಲಿ ಅಂಟಿಸಿ, ಹುಳ ಸಿಕ್ಕಿದ ಮೊದಲ ಸಂದರ್ಭ ಇದು ಎಂದು ತಮಾಷೆಗೆ ಬರೆದಿಟ್ಟರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಹೆಂಗಸು ಮುಂದೆ ಊರೂರಲ್ಲಿ ಈ ಕಥೆ ಹೇಳಿ ಪ್ರಸಿದ್ಧಗೊಳಿಸಿದಳು. ಹುಳ ತೋರಿಸಿಕೊಟ್ಟವರ ವಿಳಾಸವನ್ನು ಸೀಮೆಸುಣ್ಣದ ವ್ಯಾಪಾರಿಗೆ ಮಾರಿದರೆಂದು ಮಾತ್ರ ಆ ಕಥೆಯಲ್ಲಿಲ್ಲ.

ನಮ್ಮ ಬೆಳಗೊಳದ ಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ, ವಿರಿಜಾ ನಾಲೆಯ ಏರಿ ಬಿರುಕು ಬಿಟ್ಟಿರುವುದನ್ನು ರಾತ್ರಿ ಹೊಲದಿಂದ ಬರುವವನು ಕಂಡು ನೀರುಗಂಟಿಯ ಬಾಗಿಲು ತಟ್ಟುತ್ತಾನೆ. ನೀರುಗಂಟಿ ಲಾಟೀನು ಹಿಡಿದು ಓಡಬೇಕು. ಅದು ಬಿಟ್ಟು, "ಬಾಪ್ಪ, ಬಾಗಿಲು ತಟ್ಟಿದೆಯಲ್ಲ, ಇನ್ನು ಮೇಲೆ ನಮ್ಮನೇಲಿ ಚೀಟಿ ಹಾಕೋದು, ಗೊಬ್ಬರ ಮಾರೋದು, ಮದುವೆ ಮುಂಜಿ ಎಲ್ಲಕ್ಕೂ ನಿಂಗೆ ಹೇಳಿ ಕಳಿಸ್ತೀನಿ, ನೀನು ಒಪ್ಪಿದಂಗಾಯ್ತು" ಎಂದರೆ? ಮುಂದಿನ ಸಲ ಏರಿ ಒಡೆದರೂ ಆ ಮನುಷ್ಯ ಸುಮ್ಮನೆ ಮನೆಗೆ ಹೋಗಿ ಹೊದ್ದು ಮಲಗುತ್ತಾನೆ. ನೀರು ನುಗ್ಗುವುದು ಮಾತ್ರ ಎಲ್ಲರ ಗದ್ದೆಗೂ.

ಈ ವಿಚಾರವಾಗಿ ನನಗೂ ನನ್ನ ಅಕ್ಕನ ಮಗನಿಗೂ ದೊಡ್ಡ ಜಗಳವೇ ಆಯಿತು. ಅವನು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದಾನೆ, ಒಳ್ಳೆಯ ಹುಡುಗ. "ಚಿಕ್ಕಮ್ಮ, ಕಂಪೆನಿಗಳ ಜಾಹೀರಾತು ಕೆಟ್ಟದ್ದು, ಒಪ್ಕೋತೀನಿ. ಆದ್ರೆ ದೂರು ಕೊಟ್ಟವರನ್ನ ಕೇಳದೇನೇ ಪಟ್ಟಿಗೆ ಸೇರಿಸೋದೇ ತಪ್ಪು ಅನ್ನಬೇಡಿ" ಎಂದ. ಅವನ ವಾದಕ್ಕೆ ಅವನು ಕೊಟ್ಟ ಉದಾಹರಣೆ ಡೆಬಿಯನ್. ಇದು ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದಾದ ತಂತ್ರಾಂಶ ವ್ಯವಸ್ಥೆ. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ತಪ್ಪು ಕಂಡವರು ಇಮೇಲಿನಲ್ಲೇ ದೂರು ಬರೆಯುತ್ತಾರೆ. ದೂರಿಗೆ ಒಂದು ನಂಬರು, ತಲುಪಿತು ಎಂಬ ಪತ್ರ. ತಪ್ಪು ಸರಿಹೋಯಿತೆಂದು ಮುಚ್ಚಿದಾಗ ಇನ್ನೊಂದು ಪತ್ರ. ನಡುವೆ ಆ ದೂರಿನ ಮೇಲೆ ಬಲ್ಲವರು ನಡೆಸುವ ಚರ್ಚೆ ಇದೆಯಲ್ಲ, ಅದು ದೂರು ಕೊಟ್ಟವನಿಗೆ ತಾನಾಗಿ ಹೋಗುವುದಿಲ್ಲ. ಬರೆಯುವವರು ನೆನಪಿಟ್ಟು ಅವನಿಗೂ ಒಂದು ಪ್ರತಿ ಕಳಿಸಬೇಕು. ಎಲ್ಲವೂ ಬೇಕೆನ್ನುವವನು ಆ ದೂರಿನ ನಂಬರಿಗೆ ಬೇರೆಯಾಗಿ ಚಂದಾದಾರನಾಗಬೇಕು. ನಿಜವಾಗಿ ನೀನೇ ಕೇಳಿದ್ದೋ ಎಂದು ಒಂದು ಪತ್ರ ಬರುತ್ತದೆ, ಅದಕ್ಕೆ ಹೂಂ ಎಂದ ಮೇಲಷ್ಟೇ ಸೇರ್ಪಡೆ.

"ಇದರಿಂದ ಏನಾಗುತ್ತೆ ಗೊತ್ತಾ? ಯಾರೋ ಒಂದು ಪ್ರಶ್ನೆ ಕೇಳಿರ್ತಾರೆ, ನಿಮ್ಮ ಯಂತ್ರ ಯಾವುದು ಅಂತ. ದೂರು ಕೊಟ್ಟೋನಿಗೆ ಅದು ಹೋಗೇ ಇರಲ್ಲ. ಉತ್ತರ ಬರಲಿಲ್ಲ ಅಂತ ದೂರು ಮುಚ್ಚಿಹೋಗುತ್ತೆ. ಅದಕ್ಕೇ ಎಲ್ಲರನ್ನೂ ತಾನಾಗೇ ಸೇರಿಸಿಬಿಡಬೇಕು" ಎಂಬುದು ಅವನ ಹಟ.

ಅವನ ಮಾತಿನಲ್ಲಿ ಅರ್ಧ ನ್ಯಾಯ ಇದೆ. ನನ್ನ ದೂರಿನ ಬಗ್ಗೆ ನನ್ನನ್ನೇ ಕೇಳುವ ಪ್ರಶ್ನೆ ನನಗೆ ಬರಲೇಬೇಕು. ಸರಿಹೋಯಿತೋ ಇಲ್ಲವೋ ಎಂಬುದೂ ಬರಬೇಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಾನು ವಿಳಾಸ ಕೊಟ್ಟದ್ದೇ ಅದಕ್ಕೆ. ಮಿಕ್ಕರ್ಧವನ್ನು ನಾನು ಒಪ್ಪುವುದಿಲ್ಲ. ಬೆಂಚಿನ ಮೊಳೆಗೆ ಸಿಕ್ಕಿ ಮಗಳ ಲಂಗ ಹರಿಯಿತೆಂದು ತಾಯಿಯೊಬ್ಬಳು ಬಂದು ಹೇಳಿದರೆ, ಯಾವ ಬೆಂಚು ಎಂದು ಕೇಳುತ್ತೇವೆ, ಮೊಳೆ ಬಡಿಸಿ ಹೇಳಿ ಕಳಿಸುತ್ತೇವೆ. ಬಡಗಿಯ ಕೂಲಿ, ಹಲಸಿನ ಹಲಗೆಯೋ ಬೇವಿನದೋ ಎಂಬ ನಮ್ಮ ಸ್ಟಾಫ್ ರೂಮಿನ ಚರ್ಚೆಗೆಲ್ಲ ಆಕೆಯನ್ನು ಹಿಡಿದು ಕೂರಿಸುವುದಿಲ್ಲ. ಕೂರುತ್ತೇನೆ ಎಂದು ಆಕೆಯೇ ಬಂದರೆ ಸಂತೋಷ, ಕುರ್ಚಿ ಕೊಡುತ್ತೇವೆ. ಪ್ರತಿ ಬೇಕೋ ಬೇಡವೋ ಎಂದು ದೂರು ಬರೆಯುವಾಗಲೇ ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕು? ಅದನ್ನು ಕೇಳುವ ಬದಲು, ಕೇಳದೆ ಸೇರಿಸಬೇಕೋ ಕೇಳದೆ ಬಿಡಬೇಕೋ ಎಂದು ಜಾಣರೆಲ್ಲ ವಾದ ಮಾಡುತ್ತಾರೆ. ಡೆಬಿಯನ್ನಿನ ಮಂದಿಯ ಆ ಎರಡನೆಯ ಪತ್ರ, 'ನೀನೇ ಕೇಳಿದ್ದೋ' ಎಂಬುದು, ನನಗೆ ಬಹಳ ಹಿಡಿಸಿತು. ಯಾರದೋ ವಿಳಾಸವನ್ನು ಯಾರೋ ಸೇರಿಸುವ ಕಿಡಿಗೇಡಿತನಕ್ಕೂ ಅದೇ ಅಡ್ಡಗೋಡೆ.

ಅವರ ಇನ್ನೊಂದು ಪದ್ಧತಿ ಮಾತ್ರ ಹೆಂಗಸರ ದೃಷ್ಟಿಯಿಂದ ಯೋಚಿಸಬೇಕಾದದ್ದು. ಅಲ್ಲಿ ದೂರು, ದೂರುದಾರರ ಹೆಸರು, ಇಮೇಲು ಎಲ್ಲವೂ ಬಹಿರಂಗ, ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ಮುಚ್ಚುಮರೆಯಿಲ್ಲದ ಕೆಲಸ ಒಳ್ಳೆಯದು, ಅದರಲ್ಲಿ ಮೋಸವಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಹೆಸರು ವಿಳಾಸ ಹಾಗೆ ಬಯಲಲ್ಲಿ ನೇತಾಡುತ್ತದೆ ಎಂದರೆ ದೂರು ಬರೆದಾಳೆಯೇ? ಬರೆದರೂ ಅಣ್ಣನ ಹೆಸರಿನಲ್ಲಿ ಬರೆಯುತ್ತಾಳೆ.

ನಮ್ಮ ಕಡೆಯ ಮನೆಗಳಲ್ಲಿ ನೋಡಿ. ಗ್ಯಾಸಿಗೆ ಗಂಡನ ನಂಬರು, ಬ್ಯಾಂಕಿಗೆ ಮಗನ ನಂಬರು, ರೇಷನ್ನಿಗೆ ಯಾರದೋ ನಂಬರು. ತಮ್ಮದೇ ಆದ ಒಂದು ನಂಬರು ಇರುವ ಹೆಂಗಸೂ ಅದನ್ನು ಹೊರಗೆ ಕೊಡಲು ಹಿಂದೆಮುಂದೆ ನೋಡುತ್ತಾಳೆ. ಗುರುತಿಲ್ಲದ ಗಂಡಸಿನ ಕರೆ ರಾತ್ರಿ ಒಂಬತ್ತಕ್ಕೆ ಬಂದರೆ ಆ ಮನೆಯಲ್ಲಿ ಏಳುವ ಪ್ರಶ್ನೆಗೆ ಕಂಪೆನಿಯವರು ಬಂದು ಉತ್ತರ ಹೇಳುವುದಿಲ್ಲ. ಹಾಗಾಗಿ ದೂರು ಕೊಡುವುದನ್ನೇ ಬಿಡುತ್ತಾರೆ. ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಇರುವ ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವಾಕೆ, ನರ್ಸು, ಇವರೆಲ್ಲ ದಿನವಿಡೀ ಮೊಬೈಲಿನಲ್ಲಿ ಕನ್ನಡ ಒತ್ತುವವರು. ಕನ್ನಡ ಎಲ್ಲಿ ಮುರಿಯುತ್ತದೆ ಎಂದು ಬೆಂಗಳೂರಿನ ಗಾಜಿನ ಕಟ್ಟಡದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ಬಾಯಿ ಮುಚ್ಚಿಕೊಂಡರೆ ಕೆಟ್ಟದ್ದು ಕೆಟ್ಟ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ತಪ್ಪಾದರೆ ಹೇಳಲು ಲಕ್ಷ ಜನರಿದ್ದಾರೆ, ಹತ್ತು ಸಾವಿರ ಜನ ಬೇಸತ್ತು ಬಿಟ್ಟರೂ ಮಿಕ್ಕವರು ಹೇಳುತ್ತಾರೆ. ಕನ್ನಡದ ಒತ್ತಕ್ಷರಕ್ಕೆ ದೂರು ಬರೆಯುವವರು ಬೆರಳೆಣಿಕೆ. ಅವರಲ್ಲಿ ನಾಲ್ಕು ಜನರನ್ನು ಕಾಟ ಕೊಟ್ಟು ಓಡಿಸಿದರೆ ಉಳಿಯುವವರು ಯಾರು? ಆಮೇಲೆ ಅದೇ ಕಂಪೆನಿಯವರು, ಕನ್ನಡದಲ್ಲಿ ಯಾರೂ ಬಳಸುವುದೇ ಇಲ್ಲ, ದೂರೇ ಬಂದಿಲ್ಲ ಎನ್ನುತ್ತಾರೆ!

"ಏನ್ ಮಹಾ, ಬೇಡದಿದ್ದರೆ ಅಳಿಸಿಹಾಕಿ ಮೇಡಂ" ಎನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅಳಿಸುವುದು ನನ್ನ ಕೆಲಸ ಯಾಕಾಯಿತು? ನನ್ನ ಮನೆಯ ಜಗಲಿಯ ಮೇಲೆ ದಿನಾ ಕಸ ತಂದು ಸುರಿದು, ಪೊರಕೆ ಇದೆಯಲ್ಲ ಗುಡಿಸಿಕೊಳ್ಳಿ ಎಂದರೆ ಅದು ಸಮಾಧಾನವೇ? ಪಟ್ಟಿಯಿಂದ ಹೆಸರು ತೆಗೆಸಲು ಹೋದರೆ ಅದು ಬೇರೆ ಪಜೀತಿ. ಪಾಸ್‌ವರ್ಡ್ ಕೇಳುತ್ತದೆ. ಕಾರಣ ಕೇಳುತ್ತದೆ. ಕೊನೆಗೆ, ಇಷ್ಟೆಲ್ಲ ಲಾಭ ನಿಮಗೆ ಬೇಡವೇ ಬೇಡವೇ ಎಂದು, ಊಟಕ್ಕೆ ಕರೆದು ಬಡಿಸದೆ ಅಳುಮೋರೆ ಮಾಡುವವರ ಹಾಗೆ ಅಳುತ್ತದೆ. ಇಂಥ ಆಟಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇವುಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿ ಹದಿಮೂರು ಬಗೆಯ ಆಟಗಳನ್ನು ಹೆಸರಿಸಿದೆ. ಬೇಡ ಎಂದವರನ್ನು ನಾಚಿಸುವುದು, ಚಂದಾದಾರಿಕೆಯ ಬೋನಿಗೆ ಬೀಳಿಸುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ್ದನ್ನು ಬಲವಂತಕ್ಕೆ ಕಟ್ಟುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಬಿಲ್ಲು ಹಾಕಲು ಮೊಬೈಲ್ ನಂಬರು ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಅಂಗಡಿಗಳಿಗೆ ತಿಳಿಸಿತ್ತು. ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ನಂಬರು ಕೊಡುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿ, ಬಿಲ್ಲು ಹಾಕುವ ಹುಡುಗಿ ನಿಮ್ಮನ್ನು ಬೇರೆ ಲೋಕದಿಂದ ಬಂದವರಂತೆ ನೋಡುತ್ತಾಳೆ.

ಕಾನೂನಿನ ಮಾತು ಬಂದಾಗ ನಮ್ಮ ರಾಜ್ಯದವರೇ ಆದ ಒಬ್ಬ ಹಿರಿಯರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಮ್ಮ ಎಷ್ಟು ಪದವೀಧರರಿಗೆ ಅವರ ಹೆಸರು ಗೊತ್ತಿದೆಯೋ.

ಆ ತೀರ್ಪಿನ ನಂತರ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರಲ್ಲಿ ಒಂದು ಸ್ವಾರಸ್ಯವಿದೆ. ವ್ಯಕ್ತಿ ಎಂದು ಹೇಳುವಲ್ಲೆಲ್ಲ 'ಅವಳು' ಎಂದೇ ಬರೆದಿದ್ದಾರೆ. ಗಂಡಸರೂ ಆ 'ಅವಳು' ಒಳಗೇ ಬರಬೇಕು! ಅದರಲ್ಲಿ ಕೊಟ್ಟಿರುವ ಒಂದು ಉದಾಹರಣೆ ನನ್ನ ವಾದಕ್ಕೆ ಹೇಳಿ ಮಾಡಿಸಿದಂತಿದೆ. ಅವಳು ಔಷಧಿ ಅಂಗಡಿಗೆ ಹೋಗುತ್ತಾಳೆ, ದುಡ್ಡು ಕಟ್ಟಿದ ರಸೀತಿಯನ್ನು ಮೊಬೈಲಿಗೆ ಕಳಿಸಿ ಎಂದು ನಂಬರು ಕೊಡುತ್ತಾಳೆ. ಅಂಗಡಿಯವನು ಆ ನಂಬರನ್ನು ರಸೀತಿ ಕಳಿಸುವುದಕ್ಕೆ ಬಳಸಬಹುದು. ಸಮ್ಮತಿ ಎಂದರೆ ಬಲವಂತವಿಲ್ಲದ್ದು, ಇಂಥದ್ದಕ್ಕೇ ಎಂದು ಗೊತ್ತುಪಡಿಸಿದ್ದು, ತಿಳಿದು ಕೊಟ್ಟದ್ದು, ಷರತ್ತಿಲ್ಲದ್ದು ಎಂದೂ ಅಲ್ಲಿದೆ. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂದೂ ಇದೆ. ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಕೇಳುವ ಅವಕಾಶ ಕೊಡಬೇಕು. ಓದಿದರೆ ಹೊಟ್ಟೆ ತುಂಬುತ್ತದೆ. ಬಡಿಸುವುದು ಮಾತ್ರ ನಿಧಾನ. ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು. ಈ ಮುಖ್ಯ ಕಲಮುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು ಬೇರೆ. ಸುಳ್ಳು ದೂರು ಕೊಟ್ಟ 'ಅವಳಿಗೆ' ಹತ್ತು ಸಾವಿರ ರೂಪಾಯಿವರೆಗೂ ದಂಡ ಹಾಕುವ ಕಲಮನ್ನು ಸೇರಿಸಲು ಮಾತ್ರ ಮರೆತಿಲ್ಲ. ದೂರು ಕೊಡುವವಳನ್ನು ಕಂಡರೆ ಈ ದೇಶಕ್ಕೆ ಅದೇನು ಅನುಮಾನವೋ!

ಮೊದಲೇ ಗುರುತು ಹಾಕಿಟ್ಟ ಚೌಕದ ಬಗ್ಗೆ ಯೂರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಖಡಾಖಂಡಿತವಾಗಿ ಹೇಳಿದೆ. ಪ್ಲಾನೆಟ್ 49 ಎಂಬ ಜರ್ಮನಿಯ ಕಂಪೆನಿ ಬಹುಮಾನದ ಆಟದಲ್ಲಿ ಹೀಗೆ ಮಾಡಿತ್ತು. ತಾನೇ ಗುರುತು ಹಾಕಿ, ಅವರು ಅಳಿಸಲಿಲ್ಲ, ಆದ್ದರಿಂದ ಒಪ್ಪಿದರು ಎಂದರೆ ಅದು ಒಪ್ಪಿಗೆಯಲ್ಲ ಎಂದು ತೀರ್ಪು. ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದಳು, ಆದ್ದರಿಂದ ಮದುವೆಗೆ ಒಪ್ಪಿದಳು ಎನ್ನುವ ಲೆಕ್ಕವನ್ನು ನಾವು ನಮ್ಮ ಅಜ್ಜಿಯರ ಕಾಲದಿಂದ ಕೇಳಿ ಬಲ್ಲೆವು. ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ಆಗದ್ದೇನಲ್ಲ. ನಮ್ಮ ರಾಜ್ಯದ ಸಕಾಲ ಯೋಜನೆ 2012ರ ಏಪ್ರಿಲ್ 2ರಿಂದ ರಾಜ್ಯವೆಲ್ಲ ಜಾರಿಗೆ ಬಂತಲ್ಲ, ಅದರಲ್ಲಿ ಅರ್ಜಿಗೆ ಒಂದು ಸಂಖ್ಯೆ, ಇಷ್ಟು ದಿನದೊಳಗೆ ಎಂಬ ಗಡುವು, ಅರ್ಜಿ ಎಲ್ಲಿಗೆ ಬಂತು ಎಂದು ತಿಳಿಯುವ ದಾರಿ ಇದೆ. ಕೆಲಸ ಆಗುತ್ತದೋ ಬಿಡುತ್ತದೋ ಅದು ಆಯಾ ಕಚೇರಿಯ ಹಣೆಬರಹ, ಆದರೆ ಆ ಏರ್ಪಾಡಿನ ಹಿಂದಿನ ಬುದ್ಧಿ ಸರಿಯಾದದ್ದು. ಆ ಸಂಖ್ಯೆ ಆ ಅರ್ಜಿಗೆ ಕಟ್ಟಿದ ಗೂಟ.

ಇಷ್ಟೆಲ್ಲ ಹೇಳಿದ ಮೇಲೆ ಈಗ ಕೈಯಲ್ಲಿರುವ ಸಣ್ಣಪುಟ್ಟ ಆಯುಧಗಳನ್ನೂ ಹೇಳಿಬಿಡುತ್ತೇನೆ. ಮೊಬೈಲಿಗೆ ಬರುವ ಸಂದೇಶದಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು ಅಕ್ಷರ ಇರುತ್ತದೆ, ನೋಡಿಕೊಳ್ಳಿ. 'ಪಿ' ಎಂದರೆ ಪ್ರಚಾರ, 'ಎಸ್' ಸೇವೆ, 'ಟಿ' ವ್ಯವಹಾರ, 'ಜಿ' ಸರ್ಕಾರ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2025ರಲ್ಲಿ ತಂದ ಏರ್ಪಾಡು ಇದು. ಪ್ರಚಾರವೇ ಬೇಡವೆಂದರೆ 1909ಕ್ಕೆ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ ಕಳಿಸಿ. ಆಮೇಲೂ ಬಂದರೆ ಬಂದ ಏಳು ದಿನದೊಳಗೆ ಅದೇ 1909ಕ್ಕೆ ದೂರು ಕೊಡಬಹುದು. ಇಮೇಲಿಗೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ನಾವೇ ಬರೆಯಬೇಕು.

ತಂತ್ರಾಂಶದ ತಪ್ಪು ತೋರಿಸುವಾಗಲೆಲ್ಲ ನಾನು ದೂರಿನ ಕೆಳಗೆ ಈಗ ಹೀಗೆ ಬರೆಯುತ್ತೇನೆ. ಬೇಕಾದವರು ನಕಲು ಮಾಡಿಕೊಳ್ಳಿ:

'ಈ ವಿಳಾಸವನ್ನು ಈ ದೂರಿಗಾಗಿ ಮಾತ್ರ ಕೊಟ್ಟಿದ್ದೇನೆ. ದೂರಿನ ಬಗ್ಗೆ ನನ್ನನ್ನು ಏನಾದರೂ ಕೇಳಬೇಕಾದರೆ ಕೇಳಿ. ತಪ್ಪು ಸರಿಹೋದಾಗ ತಿಳಿಸಿ, ಆಗುವುದಿಲ್ಲವಾದರೆ ಅದನ್ನೂ ತಿಳಿಸಿ. ಬೇರೆ ಯಾವ ಪಟ್ಟಿಗೂ ಸೇರಿಸಲು ನನ್ನ ಸಮ್ಮತಿ ಇಲ್ಲ. ಬೇರೆಯವರಿಗೆ ಕೊಡಲು, ಪ್ರಕಟಿಸಲು ಸಮ್ಮತಿ ಇಲ್ಲ. ನಿಮ್ಮ ನಮೂನೆಯಲ್ಲಿ ಮೊದಲೇ ಇರುವ ಗುರುತು ನಾನು ಹಾಕಿದ್ದಲ್ಲ.'

ಇಂಗ್ಲಿಷಿನಲ್ಲಿ ಬೇಕಿದ್ದರೆ ಮನೆಯ ಹುಡುಗರಿಂದ ಬರೆಸಿಕೊಳ್ಳಬಹುದು. ಮೊದಲ ಸಲ ಕನ್ನಡದಲ್ಲೇ ಕಳಿಸಿ. ಒತ್ತಕ್ಷರಗಳು ಅವರ ಕಡೆ ಹೇಗೆ ಕಾಣುತ್ತವೆ ಎಂದೂ ಅವರಿಗೆ ತಿಳಿಯಲಿ.